ಅಂಬಾರಿ ಹೊತ್ತ ವಾಲ್‌ರಸ್

೨೦೧೭ ಜುಲೈ ೮, ಶನಿವಾರ, ಫ್ಲ್ಯಾಟ್ ಬುಷ್

ಕನ್ನಡ ಸಂಘದ ಸಭೆಗೆ ಹೋಗಿ ಬಂದೆ. ಹೋಗಬಾರದಿತ್ತು. ಹೆಂಡತಿ ವಸುಂಧರಾ ಕೆಲಸಕ್ಕೆಂದು ದೂರದ ಜಾನ್ಸನ್‌ವಿಲ್‌ಗೆ ಹೋಗಿ ಒಂದು ವಾರವಾಯಿತು. ಒಬ್ಬನೇ ಕೂತು ಫ್ರಿಜ್ಜಿನ ಸದ್ದು ಕೇಳುವುದಕ್ಕಿಂತ ಸಭೆ ವಾಸಿ ಎಂದುಕೊಂಡಿದ್ದೆ. ಫ್ರಿಜ್ಜೇ ಎಷ್ಟೋ ವಾಸಿ, ಅದು ಠರಾವು ಮಂಡಿಸುವುದಿಲ್ಲ.

ಅಧ್ಯಕ್ಷ ಭೀಮಸೇನರಿಗೆ ಈ ಸಲದ ದಸರಾಕ್ಕೆ ಈ ಪರದೇಶದ ನಮ್ಮ ಬೀದಿಗಳಲ್ಲಿ ಮೈಸೂರಿನಂತೆಯೇ ಜಂಬೂಸವಾರಿ ಮಾಡುವ ಆಸೆ. ಮರದ ಅಂಬಾರಿ ಆಗಲೇ ಸಿದ್ಧವಾಗಿ, ಚಿನ್ನದ ಬಣ್ಣ ಬಳಿದುಕೊಂಡು, ಅವರ ಗರಾಜಿನಲ್ಲಿ ಕೂತಿದೆ. ಇಲ್ಲದ್ದು ಆನೆ. ಮೃಗಾಲಯದವರನ್ನು ಕೇಳಿದರಂತೆ. ಅವರು ಬಹಳ ಸಭ್ಯತೆಯಿಂದ ಫೋನ್ ಇಟ್ಟರಂತೆ.

ನಾನು ಎದ್ದು ನಿಂತು ಬೇಡ ಎಂದೆ. ಕಾರಣಗಳನ್ನೂ ಕೊಟ್ಟೆ. ಸೇತುವೆ ಕಟ್ಟುವ ಕಂಪನಿಯಲ್ಲಿ ಇಷ್ಟು ವರ್ಷ ನನ್ನ ಕೆಲಸವೇ ಅದಾಗಿತ್ತು. ಯಾವುದು ಎಲ್ಲಿ ಮುರಿಯಬಹುದು, ಯಾರ ತಲೆಯ ಮೇಲೆ ಬೀಳಬಹುದು ಎಂದು ಮೊದಲೇ ಹೇಳುವುದು. ಕಳೆದ ನವೆಂಬರಿನಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದರು. ಅಂದಿನಿಂದ ಮನೆಯಲ್ಲಿದ್ದೇನೆ. ಅಪಾಯ ಹುಡುಕುವ ಚಟ ಮಾತ್ರ ಹೋಗಿಲ್ಲ. ಸಭೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವಸುಂಧರಾಳದು ಆರು ತಿಂಗಳ ಕಾಂಟ್ರಾಕ್ಟ್, ಸರ್ಕಾರಿ ಇಲಾಖೆಯಲ್ಲಿ. ಒಳ್ಳೆಯದೇ. ಹೊರಡುವ ದಿನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಏನಾದರೂ ಮರೆತೆಯಾ ಎಂದು ಕೇಳಿದೆ. ಇಲ್ಲ ಎಂದಳು. ಮಗಳು ನಿಧಿ ಡನೀಡನ್‌ನಲ್ಲಿ ಓದುತ್ತಿದ್ದಾಳೆ. ಹೀಗಾಗಿ ಮನೆ ಈಗ ಬಹಳ ಸ್ವಚ್ಛವಾಗಿದೆ.

ಜುಲೈ ೧೬, ಭಾನುವಾರ

ಆನೆ ಸಿಕ್ಕಿದೆಯಂತೆ.

ನಮ್ಮ ಗದಗಿನ ಸಲೀಮ್ ಪುಕೆಕೊಹೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ತನ್ನ ಗಿರಾಕಿಯೊಬ್ಬರ ಈರುಳ್ಳಿ ಶೆಡ್ಡಿನಲ್ಲಿ ಆನೆಯ ಆಕಾರದ್ದೊಂದು ನಿಂತಿದೆ ಎಂದು ತಮಾಷೆಗೆ ಬಾಯಿಬಿಟ್ಟ. ಭೀಮಸೇನರ ಎದುರು ತಮಾಷೆ ಮಾಡಬಾರದು. ಇವತ್ತು ನನ್ನನ್ನೂ ಸಲೀಮ್‌ನನ್ನೂ ಲೀಲಾವತಿ ಆಂಟಿಯನ್ನೂ ತಮ್ಮ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ತುಂಬಿಕೊಂಡು ಅಲ್ಲಿಗೆ ಹೊರಟೇಬಿಟ್ಟರು. ಲೀಲಾವತಿ ಆಂಟಿ ಮೈಸೂರು ಅರಮನೆಯ ಹಿಂದಿನ ಬೀದಿಯಲ್ಲಿ ಹುಟ್ಟಿ ಬೆಳೆದವರು, ಈಗ ಎಂಬತ್ತರ ಹತ್ತಿರ. ದಸರಾ ವಿಷಯದಲ್ಲಿ ಅವರದೇ ಕೊನೆಯ ಮಾತು.

ಶೆಡ್ಡಿನಲ್ಲಿದ್ದದ್ದು ವಿಮಾನ. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನವರು ಮಾಡಿದ ವಾಲ್‌ರಸ್ ಎಂಬ ಬೇಹುಗಾರಿಕೆ ವಿಮಾನದ ಪ್ರತಿಕೃತಿಯಂತೆ. ಅದರ ಹೊಟ್ಟೆ ದೋಣಿಯದು, ರೆಕ್ಕೆ ಎರಡು ಅಂತಸ್ತಿನದು. ಯುದ್ಧನೌಕೆಯ ಮೇಲಿಂದ ಅದನ್ನು ಕವಣೆ ಬೀಸಿದ ಹಾಗೆ ಎಸೆಯುತ್ತಿದ್ದರಂತೆ. ಹೋಗಿ, ಶತ್ರು ಎಲ್ಲಿದ್ದಾನೆ ಎಂದು ನೋಡಿ, ಬಂದು ನೀರಿನ ಮೇಲೆ ಇಳಿದರೆ ಕ್ರೇನಿನಿಂದ ಎತ್ತಿಕೊಳ್ಳುತ್ತಿದ್ದರಂತೆ. ಇದನ್ನು ಪ್ಲೈವುಡ್ಡಿನಲ್ಲಿ ಕಟ್ಟುತ್ತಿರುವವರು ನೆವಿಲ್ ಎಂಬ ಮುದುಕರು. ಅವರ ಚಿಕ್ಕಪ್ಪ ನೌಕಾಪಡೆಯಲ್ಲಿದ್ದಾಗ ಅಂಥದ್ದರಲ್ಲಿ ಕೂತು ಸಮುದ್ರ ನೋಡಿದ್ದರಂತೆ. ಶೆಡ್ಡು ಚಿಕ್ಕದಾದ್ದರಿಂದ ವಿಮಾನವನ್ನೇ ಮುಕ್ಕಾಲು ಅಳತೆಗೆ ಇಳಿಸಿದ್ದಾರೆ. ಇದು ಹಾರುವುದಿಲ್ಲ. ತೇಲುವುದೂ ಅನುಮಾನ.

ಮೂತಿ ಎತ್ತಿಕೊಂಡು ನಿಂತಿದೆ. ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿದರೆ ಕಿವಿಗಳೇ ಸೈ. ಬೆನ್ನ ಮೇಲೆ ಕಂಬಗಳಿವೆ, ಎಂಜಿನ್ ಕೂರಬೇಕಾದ ಜಾಗ ಅದು. ನೆವಿಲ್‌ಗೆ ಎಂಜಿನ್ ಸಿಕ್ಕೇ ಇಲ್ಲ, ಖಾಲಿ ಬಿದ್ದಿದೆ. ಭೀಮಸೇನರು ಟೇಪು ಹಿಡಿದು ಅಳೆದರು. ಅಂಬಾರಿ ಅಲ್ಲಿ ಸರಿಯಾಗಿ ಕೂರುತ್ತದೆ. ಅವರ ಕಣ್ಣಲ್ಲಿ ನೀರು ಬಂತು. ಲೀಲಾವತಿ ಆಂಟಿ ಒಂದು ಸುತ್ತು ಹಾಕಿ ಬಂದು, "ಲಕ್ಷಣವಾಗಿದಾನೆ," ಎಂದರು.

ಶೆಡ್ಡಿನ ಜಾಗದಲ್ಲಿ ಮನೆಗಳೇಳಲಿವೆ. ಅಕ್ಟೋಬರಿನೊಳಗೆ ವಿಮಾನವನ್ನು ನೆವಿಲ್‌ರ ಮೊಮ್ಮಗನ ಫಾರ್ಮಿಗೆ ಸಾಗಿಸಬೇಕು, ಅವರ ಬಳಿ ಟ್ರೈಲರ್ ಇಲ್ಲ. ಸಲೀಮ್ ಟ್ರೈಲರ್ ಕೊಡುತ್ತಾನೆ, ಅದಕ್ಕೆ ಬದಲಾಗಿ ವಿಮಾನ ಒಂದು ದಿನ ಆನೆಯಾಗುತ್ತದೆ. ಹೀಗೆ ಒಪ್ಪಂದವಾಯಿತು. ಬೇಡ ಎಂದು ನಾನು ಮತ್ತೆ ಹೇಳಿದೆ. ಹಾಗಾದರೆ ನೀವೇ ಸುರಕ್ಷತಾ ಅಧಿಕಾರಿ ಎಂದರು ಭೀಮಸೇನರು. ಮದುವೆಯಾಗೋ ಗುಂಡ ಅಂದರೆ ನೀನೇ ನನ್ನ ಹೆಂಡತಿಯಾಗು ಅಂದನಂತೆ.

ಆಗಸ್ಟ್ ೬, ಭಾನುವಾರ

ವಸುಂಧರಾ ಫೋನ್ ಮಾಡಿದ್ದಳು. ಕೆಲಸವನ್ನು ಪರ್ಮನೆಂಟ್ ಮಾಡುತ್ತಾರಂತೆ. ಒಪ್ಪಿದರೆ ಇನ್ನು ಅವಳು ಅಲ್ಲಿಯೇ. ದಸರಾ ಹೊತ್ತಿಗೆ ಉತ್ತರ ಹೇಳಬೇಕಂತೆ. ನೀವೇನಂತೀರಿ ಎಂದು ಕೇಳಿದಳು.

ನಿನ್ನಿಷ್ಟ ಎಂದೆ. ಲೈನ್ ಹೋಯಿತೇನೋ ಎಂದು ಹಲೋ ಹಲೋ ಎಂದೆ. ಲೈನ್ ಇತ್ತು. ಹೆಂಡತಿಯ ಇಷ್ಟಕ್ಕೆ ಬಿಡುವುದಕ್ಕಿಂತ ಹೆಚ್ಚಿಗೆ ಗಂಡನಾದವನು ಇನ್ನೇನು ಹೇಳಬೇಕು? ರಾತ್ರಿ ಅನ್ನ ತಳ ಹಿಡಿಯಿತು. ತಿನ್ನಲಿಲ್ಲ.

ಆಗಸ್ಟ್ ೧೨, ಶನಿವಾರ

ವಿಮಾನಕ್ಕೆ ನಾಮಕರಣ. ಎರಡು ಗಂಟೆಯ ಚರ್ಚೆ. ನೆವಿಲ್ ಅದನ್ನು ಬೆರಿಲ್ ಎಂಬ ಹೆಣ್ಣು ಹೆಸರಿನಿಂದ ಕರೆಯುತ್ತಾರೆ, ಆದರೆ ಅಂಬಾರಿ ಹೊರುವುದು ಗಂಡಾನೆ, ಹೆಣ್ಣಾನೆಗಳು ಅಕ್ಕಪಕ್ಕ ಕುಮ್ಕಿಯಾಗಿ ನಡೆಯುತ್ತವೆ, ಸಂಪ್ರದಾಯ ಮುರಿಯಬಾರದು ಎಂದರು ಆಂಟಿ. ಯಾರೋ ಭೀಮ ಎಂದು ಸೂಚಿಸಿದರು. ಅಧ್ಯಕ್ಷರು ಮೊದಲು ಖುಷಿಪಟ್ಟು, ಆಮೇಲೆ ಯೋಚಿಸಿ ಬೇಡ ಎಂದರು. ಕೊನೆಗೆ ವೀರಭದ್ರ ಎಂದಾಯಿತು. ನೆವಿಲ್‌ಗೆ ತಿಳಿಸಿದಾಗ, ಅದಕ್ಕೇನು, ಯುದ್ಧದಲ್ಲಿ ಎಲ್ಲರಿಗೂ ಗುಪ್ತನಾಮ ಇರುತ್ತಿತ್ತು ಎಂದರು.

ಸಲೀಮ್‌ನನ್ನು ಮಾವುತನಾಗೆಂದು ಕೇಳಿದರು. ಮೈಸೂರಿನಲ್ಲಿ ಎಷ್ಟೋ ಮಾವುತರು ಮುಸ್ಲಿಮರೇ ಎಂಬುದು ಭೀಮಸೇನರ ವಾದ. "ನಮ್ ಮನ್ಯಾಗ ಮೂರು ತಲಿಯಿಂದ ಟೈರ್ ಮಂದೀರಿ. ಆನಿ ಕಾಲಿಗೆ ಪಂಕ್ಚರ್ ಆದ್ರ ನನ್ನ ಕರೀರಿ," ಎಂದ ಸಲೀಮ್.

ಆಗಸ್ಟ್ ೨೦, ಭಾನುವಾರ

ಮೈಸೂರಿನಲ್ಲಿ ದಸರಾ ಆನೆಗಳ ತೂಕ ಹಾಕುವುದು ವಾಡಿಕೆ. ನಮ್ಮಲ್ಲೂ ಹಾಕಬೇಕಂತೆ. ವೀರಭದ್ರನನ್ನು ಟ್ರೈಲರ್ ಸಮೇತ ತರಕಾರಿ ಪ್ಯಾಕಿಂಗ್‌ನವರ ತೂಕದ ಕಟ್ಟೆಗೆ ಎಳೆದುಕೊಂಡು ಹೋದೆವು. ಕ್ಯಾರೆಟ್ ಲಾರಿಗಳ ಹಿಂದೆ ಸಾಲಿನಲ್ಲಿ ನಿಂತೆವು. ತೂಕದ ಹುಡುಗಿ ಏನು ಮಾಲು ಎಂದು ಕೇಳಿದಳು. ಭೀಮಸೇನರು ಎದೆಯುಬ್ಬಿಸಿ ಆನೆ ಎಂದರು. ಅವಳು ಕಿಟಕಿಯಿಂದ ಒಮ್ಮೆ ನೋಡಿ 'ಇತರೆ' ಎಂಬ ಗುಂಡಿ ಒತ್ತಿದಳು.

ಒಂದು ಟನ್ನೂ ಇಲ್ಲ. ಮೈಸೂರಿನ ಆನೆಗಳು ನಾಲ್ಕೈದು ಟನ್ ತೂಗುತ್ತವೆ. ಲೀಲಾವತಿ ಆಂಟಿ ಬಹಳ ನೊಂದುಕೊಂಡರು. "ತುಂಬಾ ಸೊರಗಿದಾನೆ ಪಾಪ. ಯಾರೂ ನೋಡ್ಕೊಳ್ಳೋರಿಲ್ಲ," ಎಂದರು. ಹೇಳುವಾಗ ಅದೇಕೋ ನನ್ನ ಕಡೆ ನೋಡುತ್ತಿದ್ದರು. ದಿನಾ ತಿನ್ನಿಸಬೇಕೆಂದು ಅಪ್ಪಣೆಯಾಯಿತು. ನನಗೆ ಕೆಲಸವಿಲ್ಲ, ಕಾರಿದೆ, ಹೀಗಾಗಿ ಆ ಪಾಳಿ ನನ್ನದು.

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಾರೆ. ಈ ಆನೆಗೆ ಹೊಟ್ಟೆಯೂ ಇಲ್ಲ, ಬರೀ ಟೊಳ್ಳು. ಇದನ್ನೆಲ್ಲ ಸಂಘಕ್ಕೆ ಹೇಳಿ ಪ್ರಯೋಜನವಿಲ್ಲ. ಆದರೂ ಬುಧವಾರದಿಂದ ಹೋಗುತ್ತೇನೆ, ಹೇಗೂ ಟ್ರೈಲರಿನ ಬೋಲ್ಟುಗಳನ್ನು ನೋಡಬೇಕಿದೆ.

ಆಗಸ್ಟ್ ೩೦, ಬುಧವಾರ

ಆಂಟಿ ದಿನವೂ ಡಬ್ಬಿ ಕಟ್ಟಿ ಕೊಡುತ್ತಾರೆ. ಉದ್ದಿನಬೇಳೆ, ಕುಸುಬಲಕ್ಕಿ ಅನ್ನ, ಬೆಲ್ಲ, ಕೊಬ್ಬರಿ, ಮೇಲೆ ತುಪ್ಪ. ಅರಮನೆ ಆನೆಯ ಊಟವಂತೆ. ಇವತ್ತು ಅದರ ಜೊತೆ ಬಿಸಿಬೇಳೆಬಾತ್ ಮತ್ತು ಮಜ್ಜಿಗೆ ಮೆಣಸಿನಕಾಯಿ ಇತ್ತು. ಆನೆಗೆ ಮಜ್ಜಿಗೆ ಮೆಣಸಿನಕಾಯಿ ಕೊಡುವ ಪದ್ಧತಿ ಯಾವ ಅರಮನೆಯದೋ ತಿಳಿಯದು. ಆನೆ ಬಿಟ್ಟದ್ದನ್ನು ಮಾವುತ ತಿನ್ನಬೇಕು, ಚೆಲ್ಲಬಾರದು ಎಂದು ಆಂಟಿ ಕಟ್ಟಪ್ಪಣೆ ಮಾಡಿದ್ದಾರೆ. ಆನೆ ಎಲ್ಲವನ್ನೂ ಬಿಡುತ್ತದೆ. ನಾನು ಎಲ್ಲವನ್ನೂ ತಿನ್ನಬೇಕಾಗಿದೆ. ಅದರ ಮೂತಿಯ ಕೆಳಗೆ ಈರುಳ್ಳಿ ಪೆಟ್ಟಿಗೆ ಮಗುಚಿ ಹಾಕಿ ಕೂತು ತಿನ್ನುತ್ತೇನೆ.

ನನ್ನನ್ನು ಮಾವುತನೆಂದು ಯಾರೂ ಆರಿಸಿಲ್ಲ. ತಿನ್ನಿಸುವವನೇ ಮಾವುತ ಎಂದುಬಿಟ್ಟರು ಆಂಟಿ. ಬೆಲ್ಟಿನಲ್ಲಿ ಒಂದು ತೂತು ಮುಂದಕ್ಕೆ ಹೋಗಬೇಕಾಗಿದೆ, ಬೆಲ್ಟು ಹಳೆಯದಾಗಿ ಕುಗ್ಗಿರಬೇಕು.

ಸೆಪ್ಟೆಂಬರ್ ೪, ಸೋಮವಾರ

ಮಾವುತ ಸುಮ್ಮನಿರಬಾರದಂತೆ. ಅವನ ದನಿ ಕಿವಿಗೆ ಬೀಳುತ್ತಿದ್ದರೆ ಆನೆ ಎಂಥ ಗದ್ದಲದಲ್ಲೂ ಬೆದರುವುದಿಲ್ಲವಂತೆ. ಆದ್ದರಿಂದ ಈಗಿನಿಂದಲೇ ಮಾತಾಡಿ ರೂಢಿ ಮಾಡಬೇಕಂತೆ. ವಿಮಾನದೊಂದಿಗೆ ಏನು ಮಾತಾಡುವುದು? ಮೊದಲ ದಿನ ಸುರಕ್ಷತಾ ನಿಯಮಗಳನ್ನು ಓದಿ ಹೇಳಿದೆ. ಎರಡನೆಯ ದಿನ ಪೇಪರಿನ ಚುನಾವಣಾ ಸುದ್ದಿ ಓದಿದೆ. ನೆವಿಲ್ ದೂರದಲ್ಲಿ ಮರಕ್ಕೆ ಉಪ್ಪುಕಾಗದ ತಿಕ್ಕುತ್ತ ತಮ್ಮ ಪಾಡಿಗೆ ತಾವಿದ್ದರು. ಅವರಿಗೆ ಇದು ವಿಚಿತ್ರ ಅನ್ನಿಸಿದಂತಿಲ್ಲ.

ಇವತ್ತು ಬೇರೆ ವಿಷಯ ಮುಗಿದಿದ್ದರಿಂದ ವಸುಂಧರಾಳ ವಿಷಯ ಹೇಳಿದೆ. ಮದುವೆಯಾದ ಹೊಸದರಲ್ಲಿ ಅವಳು ಸ್ಕೂಟರ್ ಕಲಿಯುತ್ತೇನೆಂದಾಗ ಬೇಡ ಅಂದದ್ದು, ಅವಳು ನನ್ನ ಬೆನ್ನ ಹಿಂದೆ ಕಲಿತು ಒಂದು ದಿನ ಆಫೀಸಿನ ಮುಂದೆ ಬಂದು ಹತ್ತಿ ಅಂದದ್ದು. ನಾನು ಹೆದರಿ ಅವಳ ಭುಜ ಹಿಡಿದುಕೊಂಡು ಕೂತದ್ದು. ಇದನ್ನೆಲ್ಲ ಯಾರಿಗೂ ಹೇಳಿರಲಿಲ್ಲ. ಸಂಜೆಯಾದದ್ದೇ ತಿಳಿಯಲಿಲ್ಲ. ನೆವಿಲ್ ದೀಪ ಹಾಕಿದ ಮೇಲೆ ಡಬ್ಬಿ ತೆಗೆದುಕೊಂಡು ಎದ್ದೆ.

ಸೆಪ್ಟೆಂಬರ್ ೯, ಶನಿವಾರ

ಮರಳು ಮೂಟೆ ಹೊರಿಸಿ ತಾಲೀಮು. ಅಂಬಾರಿಯ ಜಾಗದಲ್ಲಿ ಮೂಟೆ ಕಟ್ಟಿ, ಭೀಮಸೇನರು ಯೂಟ್‌ನಿಂದ ನಿಧಾನವಾಗಿ ಎಳೆದರು. ಒಂದೇ ಸಲ ಅಷ್ಟು ಭಾರ ಬೇಡ, ವಾರಕ್ಕಿಷ್ಟು ಎಂದು ಏರಿಸೋಣ, ಅವನಿಗೆ ಬೆನ್ನು ನೋಯುತ್ತದೆ ಎಂದೆ. ಭೀಮಸೇನರು ನನ್ನ ಮುಖ ನೋಡಿದರು. ಕಂಬಗಳ ಬೆಸುಗೆಯ ಬಗ್ಗೆ ಹೇಳಿದ್ದು ಎಂದು ತಿದ್ದಿದೆ.

ಆಮೇಲೆ ಕುಶಾಲತೋಪಿನ ತಾಲೀಮು. ಮೈಸೂರಿನಲ್ಲಿ ಆನೆಗಳು ಬೆದರದಿರಲೆಂದು ಅವುಗಳ ಪಕ್ಕದಲ್ಲಿ ಮೊದಲೇ ಫಿರಂಗಿ ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಇಲ್ಲಿ ಫಿರಂಗಿ ಎಲ್ಲಿಯದು, ಪಕ್ಕದ ಹೊಲದವರ ಹಕ್ಕಿ ಓಡಿಸುವ ಗ್ಯಾಸ್ ಗನ್ ತಂದೆವು. ಮೊದಲ ಸದ್ದಿಗೆ ನಾನು ಪೆಟ್ಟಿಗೆಯಿಂದ ಕೆಳಗೆ ಬಿದ್ದೆ. ವೀರಭದ್ರ ಅಲುಗಲಿಲ್ಲ. ಆದರೂ ಮೈ ಸವರಿ, ಹೆದರ್ಬೇಡ, ನಾನಿದೀನಿ ಎಂದು ಹೇಳುತ್ತ ಇದ್ದೆ. ಒಳಗೊಳಗೇ ಹೆದರುವವರೂ ಇರುತ್ತಾರೆ, ಹೊರಗೆ ಕಾಣುವುದಿಲ್ಲ.

"ಸರ, ಅದು ಹಲಗಿ ಐತ್ರಿ," ಎಂದ ಸಲೀಮ್, ಬಹಳ ಮೆತ್ತಗೆ.

ಗೊತ್ತು ಎಂದೆ. ಅದು ಯಾರಿಗೆ ಗೊತ್ತಿಲ್ಲ?

ಸೆಪ್ಟೆಂಬರ್ ೧೪, ಗುರುವಾರ

ಕೌನ್ಸಿಲ್ ಕಚೇರಿಯಿಂದ ಒಬ್ಬಾಕೆ ಪರಿಶೀಲನೆಗೆ ಬಂದಿದ್ದರು. ಮೆರವಣಿಗೆಯ ವಾಹನಕ್ಕೆ ಅನುಮತಿ ಕೊಡುವ ಮೊದಲು ನೋಡಬೇಕಂತೆ. ಒಂದು ಪ್ರಶ್ನೆ ಕೇಳಿದರೆ ನಾನು ಹತ್ತು ಅಪಾಯ ಹೇಳಿ, ಹತ್ತಕ್ಕೂ ಉಪಾಯ ಹೇಳಿದೆ. ರೆಕ್ಕೆಯ ಕೊಂಡಿಗೆ ಎರಡು ಪಿನ್ನು, ಟ್ರೈಲರಿಗೆ ಎರಡು ಸರಪಳಿ, ಮುಂದೆ ಹಿಂದೆ ಗಾಡಿ ಅಗಲವೆಂದು ತಿಳಿಸುವ ಬಾವುಟ. ಪಕ್ಕದಲ್ಲಿ ಎರಡು ಕುಮ್ಕಿ ಆನೆಗಳಿರುತ್ತವೆ ಎಂದೂ ಹೇಳಿದೆ. ಆಕೆ ಪೆನ್ನು ನಿಲ್ಲಿಸಿ ಅವು ಎಲ್ಲಿವೆ ಎಂದರು. ಸಲೀಮ್‌ನ ಅಂಗಡಿಯ ವ್ಯಾನ್ ಒಂದು, ಭೀಮಸೇನರ ಹೆಂಡತಿಯ ಕಾರು ಇನ್ನೊಂದು ಎಂದೆ. ಆಕೆ ಯೋಚಿಸಿ 'ಬೆಂಗಾವಲು ವಾಹನ' ಎಂದು ಬರೆದುಕೊಂಡರು. ಸರಿಯಾದ ಮಾತೇ.

ಅನುಮತಿ ಸಿಕ್ಕಿತು. ಬೇಡ ಎನ್ನದೆ ನೀವು ಒಂದು ಇಡೀ ಕೆಲಸ ಮುಗಿಸಿದ್ದನ್ನು ಇವತ್ತೇ ಕಂಡೆ ಎಂದು ನೆವಿಲ್ ಹೇಳಿದರು. ಹಾಗೇನಿಲ್ಲ. ನಾನು ಈಗಲೂ ಇದಕ್ಕೆ ವಿರುದ್ಧವೇ.

ಸೆಪ್ಟೆಂಬರ್ ೨೪, ಭಾನುವಾರ

ನಿಧಿ ಫೋನ್ ಮಾಡಿದ್ದಳು. "ಡ್ಯಾಡ್, ಯು ಸೌಂಡ್ ಡಿಫರೆಂಟ್," ಎಂದಳು. ಯಾವ ಥರ ಎಂದು ಕೇಳಿದೆ. "ಲೈಕ್, ಯು ಆಸ್ಕ್ ಥಿಂಗ್ಸ್ ನೌ," ಎಂದಳು. ಅಪ್ಪನಾದವನು ಮಗಳನ್ನು ಊಟವಾಯಿತಾ ಎಂದು ಕೇಳಿದರೆ ಅದರಲ್ಲಿ ವಿಶೇಷವೇನು?

ಆಮೇಲೆ ವಸುಂಧರಾಳಿಗೆ ನಾನೇ ಮಾಡಿದೆ. ಊರೆಲ್ಲ ನಿನ್ನೆಯ ಚುನಾವಣೆಯ ಮಾತಾಡುತ್ತಿದೆ. ನಾನು ಅವಳಿಗೆ ವೀರಭದ್ರನ ಗಾದಿ, ಗಂಟೆ, ಹಣೆಯ ಬಣ್ಣ, ಗಜಪಯಣದ ದಾರಿ ಎಲ್ಲವನ್ನೂ ಹೇಳಿದೆ. ಪುಕೆಕೊಹೆಯಿಂದ ಫ್ಲ್ಯಾಟ್ ಬುಷ್‌ಗೆ ಬರುವಾಗ ಮೋಟರ್‌ವೇ ಬೇಡ, ಒಳದಾರಿಯಲ್ಲಿ ಬೆಳಗಿನ ಹೊತ್ತು ಕರೆತರಬೇಕು, ಲಾರಿಗಳ ಗಾಳಿಗೆ ಅವನಿಗೆ ಕಿರಿಕಿರಿಯಾಗುತ್ತದೆ ಎಂದೆ. ನಕ್ಕಳೇನೋ, ಅಥವಾ ಮೂಗು ಸುರಿಯುತ್ತಿತ್ತೇನೋ, ಅಲ್ಲಿ ಚಳಿ ಹೆಚ್ಚು. ಶನಿವಾರ ಬೆಳಿಗ್ಗೆಯ ವಿಮಾನಕ್ಕೆ ಬರುತ್ತಾಳಂತೆ. ಉಳಿದ ಬಟ್ಟೆಬರೆ ತೆಗೆದುಕೊಂಡು ಭಾನುವಾರ ವಾಪಸ್ಸು ಹೋಗುತ್ತಾಳಂತೆ.

ಕೆಲಸದ ಬಗ್ಗೆ ಏನು ತೀರ್ಮಾನಿಸಿದೆ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಉಳಿದ ಬಟ್ಟೆ ಎಂದ ಮೇಲೆ ಕೇಳುವುದೇನಿದೆ.

ಸೆಪ್ಟೆಂಬರ್ ೨೫, ಸೋಮವಾರ

ಹೋಗಿ ವೀರಭದ್ರನ ಪಕ್ಕ ಕೂತು ಬಂದೆ. ಇವತ್ತು ಏನೂ ಮಾತಾಡಲಿಲ್ಲ.

ಸೆಪ್ಟೆಂಬರ್ ೨೯, ಶುಕ್ರವಾರ, ಆಯುಧಪೂಜೆ

ಗಜಪಯಣ ಸುಸೂತ್ರವಾಗಿ ಮುಗಿದು, ಅವನು ಈಗ ಮೆರವಣಿಗೆ ಹೊರಡುವ ಶಾಲೆಯ ಪಾರ್ಕಿಂಗಿನಲ್ಲಿದ್ದಾನೆ. ಮೂತಿಗೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಬಾಲಕ್ಕೆ ಮಾವಿನ ಸೊಪ್ಪು ಸಿಗದೆ ನಿಂಬೆ ಗಿಡದ ಸೊಪ್ಪು. ಬೂದುಗುಂಬಳವೂ ಸಿಗಲಿಲ್ಲ, ಸಿಹಿಗುಂಬಳ ಒಡೆದೆವು. ಯೂಟ್ ಚಕ್ರಕ್ಕೆ ನಿಂಬೆಹಣ್ಣು ಇಟ್ಟರೆ ಸಾಲದು, ಟ್ರೈಲರಿನ ನಾಲ್ಕೂ ಚಕ್ರಕ್ಕೆ ಇಡಬೇಕು ಎಂದು ನಾನೇ ಜಗಳ ಮಾಡಿ ಇಡಿಸಿದೆ. ನೆವಿಲ್ ಹಣೆಗೆ ಕುಂಕುಮ ಇಡಿಸಿಕೊಂಡು, ವಿಮಾನ ಕಟ್ಟಲು ಶುರುಮಾಡಿದ ಮೇಲೆ ಇದನ್ನು ಇಷ್ಟು ಜನ ಒಟ್ಟಿಗೆ ನೋಡಿದ್ದು ಇದೇ ಮೊದಲು ಎಂದರು.

ವಸುಂಧರಾ ನಾಳೆ ಬರುತ್ತಾಳೆ. ಅವಳಿಗೆ ಸುಲಭವಾಗಲೆಂದು ಕಪಾಟಿನಿಂದ ಅವಳ ಬಟ್ಟೆಗಳನ್ನು ತೆಗೆದು ಮಂಚದ ಮೇಲಿಟ್ಟೆ. ಆಮೇಲೆ ಎಲ್ಲವನ್ನೂ ಕಪಾಟಿಗೇ ವಾಪಸ್ಸು ಇಟ್ಟೆ.

ಅಕ್ಟೋಬರ್ ೧, ಭಾನುವಾರ

ನಿನ್ನೆಯದನ್ನು ಕ್ರಮವಾಗಿ ಬರೆಯಬೇಕು.

ಮೆರವಣಿಗೆ ಹೊರಟಾಗ ಆಕಾಶ ಶುಭ್ರವಾಗಿತ್ತು. ಮುಂದೆ ಡೊಳ್ಳು, ಅದರ ಹಿಂದೆ ಭೀಮಸೇನರು ತಮ್ಮ ಯೂಟ್‌ನಲ್ಲಿ, ಯೂಟ್‌ನ ಹಿಂದೆ ವೀರಭದ್ರ, ಅವನ ಬೆನ್ನ ಮೇಲೆ ಅಂಬಾರಿಯಲ್ಲಿ ಚಾಮುಂಡಿ. ನಾನು ಪೇಟ ಸುತ್ತಿ, ಪಂಚೆಯುಟ್ಟು, ಸೊಂಟಕ್ಕೆ ಸುರಕ್ಷತಾ ಹಗ್ಗ ಬಿಗಿದು, ಅವನ ಕೊರಳ ಮೇಲೆ. ಕಾಕ್‌ಪಿಟ್ಟಿನೊಳಗೆ ಹಳೆಯ ಪೈಲಟ್ ಟೊಪ್ಪಿಗೆಯಲ್ಲಿ ನೆವಿಲ್. ಪಾರ್ಕಿನವರೆಗೆ ಹೋಗಬೇಕಿತ್ತು. ಪಾದಚಾರಿ ದಾರಿಯ ಎರಡೂ ಕಡೆ ಜನ. ಈ ದೇಶದವನೇ ಆದ ಒಬ್ಬ ಬಿಳಿಯ ಮುದುಕ ಟೊಪ್ಪಿಗೆ ತೆಗೆದು ನಿಂತಿದ್ದ, ವಿಮಾನಕ್ಕೋ ದೇವಿಗೋ ಕೇಳಬೇಕಿತ್ತು.

ವೃತ್ತದ ಹತ್ತಿರ ಬಂದಾಗ ಕುಶಾಲತೋಪು ಸಿಡಿಯಿತು. ವೀರಭದ್ರ ಕಿಂಚಿತ್ತೂ ಬೆದರಲಿಲ್ಲ. ಬೆದರಿದ್ದು ಭೀಮಸೇನರು. ತಾಲೀಮಿನ ದಿನ ಅವರು ಯೂಟ್‌ನಲ್ಲಿ ಕಿಟಕಿ ಏರಿಸಿಕೊಂಡು ಹಾಡು ಕೇಳುತ್ತ ಕೂತಿದ್ದರು. ಆನೆಗೆ ಅಭ್ಯಾಸ ಮಾಡಿಸಿದ್ದೆವು, ಎಳೆಯುವವರಿಗೆ ಮಾಡಿಸಿರಲಿಲ್ಲ. ಅವರ ಕಾಲು ಒಮ್ಮೆ ಆಕ್ಸಿಲರೇಟರ್ ಮೇಲೆ, ಒಮ್ಮೆ ಬ್ರೇಕ್ ಮೇಲೆ ಬಿತ್ತು. ಕುಲುಕಾಟಕ್ಕೆ ಎಡರೆಕ್ಕೆಯ ಪಿನ್ನು ಎರಡೂ ಹಾರಿದವು. ರೆಕ್ಕೆ ನಿಧಾನವಾಗಿ, ಬಹಳ ಗಾಂಭೀರ್ಯದಿಂದ, ಬಿಚ್ಚಿಕೊಂಡು ವೃತ್ತದ ಅಡ್ಡಕ್ಕೆ ಚಾಚಿ ನಿಂತಿತು. ಯಾರಿಗೂ ತಗಲಲಿಲ್ಲ. ನಾಲ್ಕೂ ರಸ್ತೆ ಬಂದ್. ಆನೆ ನಡೆದದ್ದೇ ದಾರಿ ಎನ್ನುತ್ತಾರಲ್ಲ, ಆನೆ ನಿಂತರೆ ದಾರಿಯೇ ಇಲ್ಲ.

ಎಲ್ಲ ಕಡೆಯಿಂದ ಹಾರ್ನು ಶುರುವಾಯಿತು. ಸಲೀಮ್ ಪಿನ್ನು ಹುಡುಕಲು ಓಡಿದ. ಅಂಬಾರಿ ಸ್ವಲ್ಪ ವಾಲಿತ್ತು. ನಾನು ವೀರಭದ್ರನ ಕೊರಳ ಮೇಲೆ ಬಗ್ಗಿ, ಮೈ ತಟ್ಟುತ್ತ, ಹೇಳುತ್ತಲೇ ಇದ್ದೆ. ಹೆದರ್ಬೇಡ. ನಾನಿದೀನಿ. ನನ್ನ ಬಿಟ್ಟು ಎಲ್ಲೂ ಹೋಗ್ಬೇಡ. ಎಷ್ಟು ಹೊತ್ತು ಹೇಳಿದೆನೋ ತಿಳಿಯದು.

"ರೀ," ಎಂದು ಕೆಳಗಿನಿಂದ ಯಾರೋ ಕರೆದರು.

ವಸುಂಧರಾ. ವಿಮಾನ ನಿಲ್ದಾಣದಿಂದ ಬಂದ ಅವಳ ಟ್ಯಾಕ್ಸಿ ಹಿಂದಿನ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದೆ, ಇವಳು ಇಳಿದು ನಡೆದು ಬಂದಿದ್ದಾಳೆ. ಕೈಯಲ್ಲಿ ಪರ್ಸು, ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಾಳೆ. ನನಗೆ ಹೇಳಿರಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದೆನೇನೋ. ಚೆನ್ನಾಗಿ ಕಾಣುತ್ತಿದ್ದಳು.

"ಯಾರ ಹತ್ರ ಮಾತಾಡ್ತಿದೀರಿ?"

ವೀರಭದ್ರನ ಹತ್ತಿರ ಎಂದೆ. ನಗುತ್ತಾಳೆ ಅಂದುಕೊಂಡೆ. ಅವಳು ವಿಮಾನವನ್ನು ಮೂತಿಯಿಂದ ಬಾಲದವರೆಗೆ ನೋಡಿದಳು. ಕಣ್ಣು ತುಂಬಿತ್ತು.

"ಇಷ್ಟು ವರ್ಷ ನೀವು ಎಲ್ಲಕ್ಕೂ ಬೇಡ ಅಂದ್ರಿ," ಎಂದಳು. "ಸ್ಕೂಟರ್ ಬೇಡ, ನಾಯಿ ಬೇಡ, ಸಮುದ್ರಕ್ಕೆ ಇಳೀಬೇಡ. ನಾನು ಹೋಗ್ತೀನಿ ಅಂದಾಗ ಮಾತ್ರ ಬೇಡ ಅನ್ನಲಿಲ್ಲ. ನಾನು ಅದಕ್ಕೇ ಕಾಯ್ತಿದ್ದೆ."

ಇಡೀ ಸಂಘ ಕೇಳಿಸಿಕೊಳ್ಳುತ್ತಿತ್ತು. ಡೊಳ್ಳಿನವರೂ ನಿಲ್ಲಿಸಿಬಿಟ್ಟಿದ್ದರು. ಬೇರೆ ದಿನವಾಗಿದ್ದರೆ ಮನೆಗೆ ಹೋಗಿ ಮಾತಾಡೋಣ ಎನ್ನುತ್ತಿದ್ದೆ. ಆದರೆ ಈ ಒಂದು ತಿಂಗಳಿಂದ ಜೋರಾಗಿ ಮಾತಾಡಿ ರೂಢಿಯಾಗಿಬಿಟ್ಟಿತ್ತು.

"ಹೋಗ್ಬೇಡ ವಸು," ಎಂದೆ. "ನೀನಿಲ್ದೆ ನಂಗೆ ಆಗ್ತಾ ಇಲ್ಲ. ಮನೇಲಿ ಕೂರಕ್ಕಾಗಲ್ಲ."

ಅವಳು ತಲೆ ತಗ್ಗಿಸಿದಳು. "ನಿನ್ನೆ ಸಹಿ ಹಾಕ್ಬಿಟ್ಟೆ," ಎಂದಳು.

ಹಾರ್ನುಗಳು ಕೂಗುತ್ತಲೇ ಇದ್ದವು. ಲೀಲಾವತಿ ಆಂಟಿ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ನನಗೆ ಬಹಳ ದುಃಖವಾಯಿತು. ಬರೆಯುವಾಗಲೂ ಆಗುತ್ತಿದೆ. ಎಲ್ಲಿ ಏನು ಮುರಿಯಬಹುದು ಎಂದು ಹೇಳಿಯೇ ಸಂಬಳ ತೆಗೆದುಕೊಂಡವನು ನಾನು, ನನ್ನ ಮನೆಯಲ್ಲಿ ಎದುರಿಗೇ ಮುರಿಯುತ್ತಿದ್ದದ್ದು ಕಾಣಲಿಲ್ಲ.

"ಹಾಗಾದ್ರೆ ನಾನೇ ಬರ್ತೀನಿ," ಎಂದೆ. "ಬರ್ಲಾ?"

ಅಲ್ಲಿ ಮನೆ ಚಿಕ್ಕದು ಎಂದಳು. ಗಾಳಿ ವಿಪರೀತ ಎಂದಳು. ಬಂದು ಏನು ಮಾಡುತ್ತೀರಿ ಎಂದಳು. ಗೊತ್ತಿಲ್ಲ ಎಂದೆ. ಬರ್ಲಾ ಎಂದು ಮತ್ತೆ ಕೇಳಿದೆ.

ಅಷ್ಟರಲ್ಲಿ ಸಲೀಮ್ ಪಿನ್ನಿನ ಬದಲು ಅಂಗಡಿಯ ಎರಡು ದಪ್ಪ ಬೋಲ್ಟು ಹಾಕಿ ರೆಕ್ಕೆ ಮಡಿಸಿ ಬಿಗಿದ. ಭೀಮಸೇನರು ಕೀಲಿ ತಿರುಗಿಸಲು ಹೋಗಿ ಬಿಟ್ಟುಬಿಟ್ಟರು. ವಸುಂಧರಾ ಅವರ ಕಿಟಕಿಯ ಬಳಿ ಹೋಗಿ ಸ್ವಲ್ಪ ಸರಿಯಿರಿ ಎಂದು, ತಾನೇ ಸ್ಟಿಯರಿಂಗ್ ಹಿಡಿದಳು. ವೀರಭದ್ರ ಕುಲುಕದೆ ಹೊರಟ. ವೃತ್ತ ದಾಟಿ, ಡೊಳ್ಳಿನ ಹಿಂದೆ, ಪಾರ್ಕಿನವರೆಗೆ ಅವಳೇ ಎಳೆದಳು. ಮೇಲಿಂದ ನನಗೆ ಕಂಡದ್ದು ಕಿಟಕಿಯ ಹೊರಗಿದ್ದ ಅವಳ ಮೊಣಕೈ ಅಷ್ಟೇ. ಪೂಜೆಯಾಯಿತು, ಪ್ರಸಾದವಾಯಿತು. ಸಂಜೆ ನೆವಿಲ್‌ರ ಮೊಮ್ಮಗ ಬಂದು ಟ್ರೈಲರ್ ಸಿಕ್ಕಿಸಿಕೊಂಡು ಹೊರಟ. ಕುಂಕುಮ ಒರೆಸುವುದು ಬೇಡ, ಹಾಗೇ ಇರಲಿ ಎಂದರು ನೆವಿಲ್. ನಾನು ಅವನ ಮೂತಿಗೆ ಕೈಯಿಟ್ಟು ಹೋಗಿ ಬಾ ಎಂದೆ. ತಿರುವಿನಲ್ಲಿ ಬಾಲ ಕಾಣದಾಗುವವರೆಗೂ ಅಲ್ಲೇ ನಿಂತಿದ್ದೆ. ವಸುಂಧರಾಳೂ ನಿಂತಿದ್ದಳು.

ಮನೆಗೆ ಬರುವ ದಾರಿಯಲ್ಲೂ ರಾತ್ರಿ ಊಟದಲ್ಲೂ ಅವಳು ಆ ಮಾತು ಎತ್ತಲಿಲ್ಲ. ನನಗೂ ಮೂರನೆಯ ಸಲ ಕೇಳುವ ಧೈರ್ಯವಿರಲಿಲ್ಲ. ಇವತ್ತು ಬೆಳಿಗ್ಗೆ ಅವಳು ದೊಡ್ಡ ಸೂಟ್‌ಕೇಸನ್ನು ಮಂಚದ ಮೇಲೆ ಬಿಚ್ಚಿಟ್ಟು ತುಂಬತೊಡಗಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸೀರೆ, ಜೀನ್ಸು, ರೇನ್‌ಕೋಟು. ಅವಳ ಬಟ್ಟೆಯೆಲ್ಲ ಮುಗಿದರೂ ಸೂಟ್‌ಕೇಸ್ ಅರ್ಧವೇ ತುಂಬಿತ್ತು. ಅದನ್ನು ಮುಚ್ಚದೆ, ನನ್ನ ಕಪಾಟಿನ ಬಾಗಿಲು ತೆಗೆದು ಹುಡುಕುತ್ತ, ನಿಮ್ಮ ಸ್ವೆಟರ್ ಎಲ್ಲಿಟ್ಟಿದೀರಿ ಎಂದು ಕೇಳಿದಳು.